ಬಲಗಡೆಯ ರೆಕ್ಕೆ

ಏಪ್ರಿಲ್ ೩

ಬೆಳಿಗ್ಗೆ ಎರಡು ಮಾತ್ರೆ, ಮಧ್ಯಾಹ್ನ ಒಂದು, ರಾತ್ರಿ ಎರಡು. ಬಿ.ಪಿ. ಪರವಾಗಿಲ್ಲ. ಊಟ ಸರಿಯಾಗಿ ಮಾಡಿದರು. ಬಲಗೈ ಹಾಗೇ ಇದೆ.

ಇವರಿಗೆ ಸ್ಟ್ರೋಕ್ ಆಗಿ ಇವತ್ತಿಗೆ ಐದು ವಾರ. "ಅಮ್ಮಾ, ದಿನಾ ಒಂದು ಪುಸ್ತಕದಲ್ಲಿ ಬರೆದಿಡು, ಡಾಕ್ಟರ್ ಕೇಳಿದಾಗ ತಡಬಡಾಯಿಸ್ಬೇಡ" ಅಂತ ಮಗಳು ಫೋನಿನಲ್ಲಿ ಹೇಳಿದ್ದಕ್ಕೆ ಈ ಪುಸ್ತಕ ತೆರೆದೆ. ಬರೆಯಬೇಕಾದದ್ದು ಮೇಲಿನ ಒಂದೂವರೆ ಸಾಲು, ಹಾಳೆ ಮಾತ್ರ ಉದ್ದಕ್ಕೆ ಬಿದ್ದಿದೆ. ಮೂವತ್ತೊಂದು ವರ್ಷ ಕಸೂತಿಗೆ ಡಿಸೈನ್ ಬರೆದವಳು ನಾನು. ಖಾಲಿ ಜಾಗ ಕಂಡರೆ ಒಂದು ಬಳ್ಳಿಯನ್ನಾದರೂ ಹರಿಸದೆ ಇರಲಾರೆ. ಡಾಕ್ಟರಿಗೆ ಬೇರೆ ಚೀಟಿ ಬರೆದುಕೊಡುತ್ತೇನೆ, ಇದು ನನಗೆ.

ಇವರ ಬಾಯಿಗೆ ಏನೂ ಆಗಿಲ್ಲ. ಮೊದಲ ವಾರ ಸ್ವಲ್ಪ ತೊದಲಿತು, ಈಗ ಸರಾಗ. ಸೋಮವಾರದಿಂದ ಫಿಸಿಯೋಥೆರಪಿ.

ಏಪ್ರಿಲ್ ೬

ಕೈಕಾಲು ಆಡಿಸುವ ಹುಡುಗಿಗೆ ಇವರು ಮೊದಲ ದಿನವೇ ‘ಹಿಂಡಮ್ಮ’ ಅಂತ ಹೆಸರಿಟ್ಟರು. ಬೆರಳು ಒಂದೊಂದನ್ನೇ ಹಿಡಿದು ಹಿಂಡುತ್ತಾಳೆ, ಅದಕ್ಕೆ. ಅದು ಅವಳ ಕಿವಿಗೂ ಬಿತ್ತು. ನಕ್ಕು ಇನ್ನೂ ಜೋರಾಗಿ ಹಿಂಡಿದಳು.

ಕಾಯುವ ಕೋಣೆಯಲ್ಲಿ ಒಂದು ಉದ್ದ ಬೆಂಚು, ತೂಕದ ಯಂತ್ರ, ಮೂಳೆಗಳ ಹೆಸರಿರುವ ಒಂದು ಪಟ. ಪಟ ಓರೆಯಾಗಿ ನೇತಾಡುತ್ತಿತ್ತು, ಎದ್ದು ಸರಿಮಾಡಿದೆ. ಬೆಂಚಿನ ಎದುರು ಬಾಗಿಲಿನಷ್ಟು ದೊಡ್ಡ ಪೇಂಟಿಂಗ್. ಬೂದು, ಕಂದು, ನಡುವೆ ಎಲ್ಲೋ ಕಿತ್ತಳೆ ಬಣ್ಣ ಸೋರಿದ ಹಾಗೆ. ಕೆಳಗೆ ಚಿಕ್ಕ ಚೀಟಿ ಅಂಟಿಸಿದ್ದಾರೆ: ‘ಚಿಟ್ಟೆ’.

ಚಿಟ್ಟೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವಿಬ್ಬರೂ ಕೆಲಸ ಮಾಡುವ ಬಟ್ಟೆ ಅಂಗಡಿಯ ಮಕ್ಕಳ ಫ್ರಾಕು, ದಿಂಬಿನ ಚೀಲ, ಟೋಪಿ ಎಲ್ಲದರ ಮೇಲೂ ಕೂತಿರುವುದು ನನ್ನ ಚಿಟ್ಟೆ.

"ಎಲ್ರೀ ಇದೆ ಚಿಟ್ಟೆ?" ಅಂದೆ.

"ಹಾರಿಹೋಗಿರ್ಬೇಕು."

"ರೆಕ್ಕೆ ಇಲ್ಲ, ಹೊಟ್ಟೆ ಇಲ್ಲ, ಮೀಸೆ ಇಲ್ಲ. ಬರೆದೋರು ಜನ್ಮದಲ್ಲಿ ಚಿಟ್ಟೆ ನೋಡಿಲ್ಲ."

"ನೀನೂ ಅರ್ಧಾನೇ ನೋಡಿರೋದು ಕಣೇ" ಅಂದರು.

ಅದು ಸುಳ್ಳಲ್ಲ. ನಮ್ಮ ಕೆಲಸದಲ್ಲಿ ಯಾರೂ ಪೂರ್ತಿ ಚಿಟ್ಟೆ ಬರೆಯುವುದಿಲ್ಲ. ಟ್ರೇಸಿಂಗ್ ಪೇಪರಿನಲ್ಲಿ ಎಡಗಡೆಯ ರೆಕ್ಕೆ ಬರೆಯುವುದು, ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚುವುದು, ಬಟ್ಟೆಯ ಮೇಲಿಟ್ಟು ನೀಲಿ ಪುಡಿ ಉಜ್ಜುವುದು. ಪೇಪರ್ ಎತ್ತಿದರೆ ಚುಕ್ಕಿಗಳಲ್ಲಿ ಎಡರೆಕ್ಕೆ ಮೂಡಿರುತ್ತದೆ. ಅದೇ ಪೇಪರನ್ನು ಮಗುಚಿ ಇನ್ನೊಂದು ಸಲ ಉಜ್ಜಿದರೆ ಬಲರೆಕ್ಕೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೀಗಾಗಿ ಮೂವತ್ತೊಂದು ವರ್ಷದಲ್ಲಿ ನಾನು ಒಂದೇ ಒಂದು ಬಲರೆಕ್ಕೆಯನ್ನೂ ಕೈಯಾರೆ ಬರೆದಿಲ್ಲ. ಮನೆಗೆ ಬಂದು ಪ್ರಯತ್ನಿಸಿದೆ. ಕೈ ಪೆನ್ಸಿಲ್ ಹಿಡಿದು ಗಾಳಿಯಲ್ಲೇ ನಿಂತಿತು. ಇವರಿಗೆ ಹೇಳಲಿಲ್ಲ, ಹೇಳಿದರೆ ವಾರಪೂರ್ತಿ ಆಡಿಕೊಳ್ಳುತ್ತಾರೆ.

ಏಪ್ರಿಲ್ ೧೦

ಅಂಗಡಿಯ ಯಜಮಾನರು ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. ಇವರು ಅಲ್ಲಿ ಕಟಿಂಗ್ ಮಾಸ್ಟರ್. ನಾನು ಮನೆಯಿಂದ ಡಿಸೈನ್ ಉಜ್ಜಿದ ಬಟ್ಟೆ ಕಳಿಸುತ್ತೇನೆ, ಇವರು ಅಂಗಡಿಯಲ್ಲಿ ಅದರ ಮೇಲೆ ಕತ್ತರಿ ಆಡಿಸುತ್ತಾರೆ. ಇವರ ಕತ್ತರಿ ಒಂದು ಮೊಳ ಉದ್ದ, ಹೆಬ್ಬೆರಳಿನ ಕಡೆ ಇವರ ಹೆಬ್ಬೆರಳಿನ ಆಕಾರಕ್ಕೇ ಸವೆದುಹೋಗಿದೆ.

"ಗೂಟದಲ್ಲೇ ಇದೆ ಮಾಸ್ಟರೇ. ಯಾರ್ಗೂ ಮುಟ್ಟೋಕೆ ಬಿಟ್ಟಿಲ್ಲ" ಅಂದರು ಯಜಮಾನರು. ಹಣ್ಣಿನ ಚೀಲ ಮೇಜಿನ ಮೇಲಿಟ್ಟು, "ಜೂನ್ ಹೊತ್ತಿಗೆ ಸ್ಕೂಲ್ ಯೂನಿಫಾರ್ಮ್ ಕೆಲಸ ಬರುತ್ತೆ. ಅಷ್ಟರಲ್ಲಿ ಬಂದ್ರೆ ಸರಿ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

"ಬರ್ತೀನಿ" ಅಂದರು ಇವರು.

ಯಜಮಾನರು ಹೋದಮೇಲೆ ಟೀ ಲೋಟವನ್ನು ಬಲಗೈಯಲ್ಲಿ ಎತ್ತಲು ಹೋದರು. ಲೋಟ ಮಗುಚಿತು. ನಾನು ಒರೆಸಿದೆ. ಇವರು ಆ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು, ಯಾರದೋ ಸಾಮಾನು ಕಾಯುವವರ ಹಾಗೆ. ನನಗೆ ಭಯವಾಯಿತು. ಕತ್ತರಿಯಿಲ್ಲದ ಇವರನ್ನು ನಾನು ನೋಡಿಯೇ ಇಲ್ಲ.

ಏಪ್ರಿಲ್ ೧೭

ಹಿಂಡಮ್ಮ ದಿನಕ್ಕೆ ನೂರು ಸಲ ಒತ್ತಿ ಅಂತ ಸ್ಪಂಜಿನ ಚೆಂಡು ಕೊಟ್ಟಿದ್ದಳು. ಅದು ಹತ್ತು ದಿನದಿಂದ ನಮ್ಮ ಮಲಗುವ ಕೋಣೆಯ ಬಾಗಿಲು ಬಡಿಯದ ಹಾಗೆ ತಡೆಯುತ್ತಿದೆ. ಇವತ್ತು ಅವಳಿಗೆ ಗೊತ್ತಾಯಿತು. ನಾನೇ ಹೇಳಿದೆ.

"ಚೆಂಡು ಬೇಡಾಂದ್ರೆ ಬೇಡ ಸರ್. ನಿಮಗೆ ಇಷ್ಟವಾಗೋ ಯಾವುದಾದ್ರೂ ಕೈಕೆಲಸ ಮಾಡಿ. ಆದ್ರೆ ದಿನಾ ಮಾಡ್ಬೇಕು."

"ಹೊರಗಡೆ ಒಂದು ಚಿಟ್ಟೆ ನೇತಾಕಿದ್ದೀರಲ್ಲ, ಅಂಥದ್ದು ನಾನು ಎಡಗಾಲಲ್ಲಿ ಬರೀತೀನಿ" ಅಂದರು ಇವರು.

"ಎಡಗಾಲು ಚೆನ್ನಾಗೇ ಇದೆ, ಅದಕ್ಕೆ ತೊಂದ್ರೆ ಕೊಡ್ಬೇಡಿ. ಬಲಗೈಲಿ ಬರ್ಕೊಂಡು ಬನ್ನಿ. ಎದುರು ಗೋಡೆ ಖಾಲಿ ಇದೆ, ನಾನೇ ಮೊಳೆ ಹೊಡಿಸ್ತೀನಿ."

ಬಸ್ಸಿನಲ್ಲಿ ಬರುವಾಗ ಇವರು ಕಿಟಕಿ ನೋಡುತ್ತ ಲೆಕ್ಕ ಹಾಕುತ್ತಿದ್ದರು. ಇಳಿಯುವ ಮುಂಚೆ ತೀರ್ಪು ಬಂತು. "ಎಡಗಡೆ ರೆಕ್ಕೆ ನೀನು ಬರಿ. ಬಲಗಡೆದು ನಂದು. ಹೇಗಿದ್ರೂ ಬಲಗಡೆ ನಿಂಗೆ ಬರಲ್ಲ."

ಅಂದರೆ ಅವತ್ತು ನನ್ನ ಪೆನ್ಸಿಲ್ ಗಾಳಿಯಲ್ಲಿ ನಿಂತದ್ದನ್ನು ನೋಡಿದ್ದಾರೆ.

ಏಪ್ರಿಲ್ ೨೧

ಕೆಲಸ ಶುರು. ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆದೆ. ದೊಡ್ಡ ಚಿತ್ರ ದಪ್ಪ ಬಟ್ಟೆಯ ಮೇಲೆ ಆಮೇಲೆ, ಮೊದಲು ಕಂದು ಕಾಗದದ ಮೇಲೆ ಅಭ್ಯಾಸ, ದಿನಕ್ಕೊಂದು ಹಾಳೆ. ಇವರ ಪೆನ್ಸಿಲ್ಲಿಗೆ ಬಟ್ಟೆ ಸುತ್ತಿ ಸೌತೆಕಾಯಿಯಷ್ಟು ದಪ್ಪ ಮಾಡಿದೆ.

ನನ್ನ ರೆಕ್ಕೆ ಐದು ನಿಮಿಷದಲ್ಲಿ ಮುಗಿಯಿತು. ಇವರದಕ್ಕೆ ಮುಕ್ಕಾಲು ಗಂಟೆ. ಮೇಲಿನಿಂದ ಚೆನ್ನಾಗಿಯೇ ಹೊರಟಿತು, ತಿರುವಿನಲ್ಲಿ ನಿಂತಿತು, ಅಲ್ಲಿಂದ ಜಾರಿಕೊಂಡು ನೇರ ಕೆಳಕ್ಕೆ ಬಂತು.

"ಇದು ರೆಕ್ಕೆ ಅಲ್ಲ, ಚಪ್ಪಲಿ" ಅಂದರು. ಇಬ್ಬರೂ ನಕ್ಕೆವು. "ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ರೆಕ್ಕೆ. ಎಲ್ಲಿಗಾದ್ರೂ ಹೋಗ್ಬಹುದು."

ನಾನು ಕೈ ತೊಳೆದು ಬಂದಾಗ ನಗು ನಿಂತಿತ್ತು. ಎರಡು ರೆಕ್ಕೆಗಳನ್ನೂ ಒಂದೊಂದಾಗಿ ನೋಡುತ್ತ ಕೂತಿದ್ದರು.

ಏಪ್ರಿಲ್ ೨೨

ಮಾತ್ರೆ ಆಯಿತು. ಎರಡನೇ ಹಾಳೆ. ಇವತ್ತಿನದು ಚಪ್ಪಲಿಯೂ ಅಲ್ಲ.

ಏಪ್ರಿಲ್ ೨೮

ಒಂದು ಕೆಲಸ ಮಾಡಿದೆ. ಒಳ್ಳೆಯದೇ ಮಾಡಿದ್ದು.

ಊಟದ ಮಾತ್ರೆ ತೆಗೆದುಕೊಂಡರೆ ಇವರಿಗೆ ಮಂಪರು, ಎರಡು ಗಂಟೆ ಅಲ್ಲಾಡುವುದಿಲ್ಲ. ಇವತ್ತಿನ ಹಾಳೆ ಮೇಜಿನ ಮೇಲಿತ್ತು. ಇವರ ರೆಕ್ಕೆ ನೋಡಲಾಗುತ್ತಿರಲಿಲ್ಲ. ರಬ್ಬರ್ ಕೈಯಲ್ಲೇ ಇತ್ತು, ನನ್ನ ಕೈಯಲ್ಲಿ ರಬ್ಬರ್ ಯಾವಾಗಲೂ ಇರುತ್ತದೆ. ಒಂದು ಕಡೆ ಸ್ವಲ್ಪ ಅಳಿಸಿದೆ. ಅಷ್ಟಕ್ಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಪೂರ್ತಿ ಅಳಿಸಿ, ನನ್ನ ರೆಕ್ಕೆಯನ್ನು ಟ್ರೇಸ್ ಮಾಡಿ ಚುಚ್ಚಿ ಮಗುಚಿ ನೀಲಿ ಪುಡಿ ಉಜ್ಜಿ, ಚುಕ್ಕಿಯ ಮೇಲೆ ಇವರ ದಪ್ಪ ಪೆನ್ಸಿಲ್ಲಿನಲ್ಲೇ ಗೆರೆ ಎಳೆದೆ. ತೀರಾ ನೆಟ್ಟಗೆ ಮಾಡಲಿಲ್ಲ, ಅಷ್ಟು ಪೆದ್ದಿಯಲ್ಲ. ಅಲ್ಲಲ್ಲಿ ನಡುಕ ಸೇರಿಸಿದೆ.

ಎದ್ದು ಬಂದು ನೋಡಿದರು. "ಇಷ್ಟು ಚೆನ್ನಾಗಿ ಬರೆದಿದ್ನಾ?"

"ಮತ್ತಿನ್ನೇನು ನಾನು ಬರೆದ್ನಾ?"

ಇವರ ಮುಖ ನೋಡಬೇಕಿತ್ತು. ಎರಡು ತಿಂಗಳಲ್ಲಿ ಅಂಥ ಮುಖ ನೋಡಿಲ್ಲ. ಟೀ ಎರಡು ಸಲ ಕೇಳಿ ಕುಡಿದರು.

ಮೇ ೪

ದಿನಾ ಮಧ್ಯಾಹ್ನ ನನ್ನ ಕೆಲಸ ನಡೆಯುತ್ತಿದೆ. ಸ್ವಲ್ಪ ಸ್ವಲ್ಪವಾಗಿ ನಡುಕ ಕಡಿಮೆ ಮಾಡುತ್ತಿದ್ದೇನೆ, ಗುಣವಾಗುತ್ತಿರುವ ಹಾಗೆ ಕಾಣಬೇಕಲ್ಲ.

ಇವರು ಮಗಳಿಗೆ ಫೋನ್ ಮಾಡಿ ಹೇಳಿದರು. ಬಸ್ಸಿನ ಕಂಡಕ್ಟರಿಗೆ ಹೇಳಿದರು. ಹಾಳೆಗಳಿಗೆಲ್ಲ ನನ್ನಿಂದ ತಾರೀಖು ಹಾಕಿಸಿ ಜೋಡಿಸಿಟ್ಟಿದ್ದಾರೆ, ಯಜಮಾನರಿಗೆ ತೋರಿಸಲು. ಹಿಂಡಮ್ಮನಿಗೆ ತೋರಿಸಿದಾಗ ಅವಳು ಹಾಳೆ ನೋಡಿದಳು, ಇವರ ಕೈಹಿಡಿತವನ್ನು ಯಂತ್ರದಲ್ಲಿ ಅಳೆದಳು, ಮತ್ತೆ ಹಾಳೆ ನೋಡಿದಳು.

"ಹಿಡಿತ ಹೋದ್ವಾರದಷ್ಟೇ ಇದೆ. ಗೆರೆ ಮಾತ್ರ ಓಡ್ತಾ ಇದೆ. ವಿಚಿತ್ರ" ಅಂದು ನನ್ನ ಕಡೆ ತಿರುಗಿದಳು. ನಾನು ತೂಕದ ಯಂತ್ರದ ಮೇಲೆ ಹತ್ತಿ ನನ್ನ ತೂಕ ನೋಡಿಕೊಂಡೆ.

ಮನೆಗೆ ಬಂದು ನೀಲಿ ಪುಡಿಯ ಡಬ್ಬಿಯನ್ನು ಬಟ್ಟೆಗಳ ಹಿಂದೆ ಬಚ್ಚಿಟ್ಟೆ. ಆದರೆ ಮನುಷ್ಯ ನಗುನಗುತ್ತ ಇದ್ದಾನಲ್ಲ, ಅದು ಮುಖ್ಯವಲ್ಲವೇ?

ಮೇ ೯

ಸಿಕ್ಕಿಬಿದ್ದೆ.

ನಾಳೆ ಅಂಗಡಿಗೆ ಹೋಗುವುದು ಅಂತ ಇವರು ಬೆಳಿಗ್ಗೆ ಹಾಳೆಗಳನ್ನೆಲ್ಲ ಕಿಟಕಿಯ ಬಿಸಿಲಿನಲ್ಲಿ ಸಾಲಾಗಿ ಹರಡಿದರು. ಒಂದರ ಮೇಲೆ ಎಡಗೈ ಹೆಬ್ಬೆರಳು ಆಡಿಸಿ, ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡರು. ನಾನು ಬಟ್ಟೆ ಮಡಿಸುತ್ತಿದ್ದೆ.

"ನಿನ್ನ ಚುಕ್ಕಿ" ಅಂದರು.

ಬೆರಳಿನ ತುದಿಯಲ್ಲಿ ನೀಲಿ ಪುಡಿ.

"ಮೂವತ್ತು ವರ್ಷ ಈ ಚುಕ್ಕಿ ಮೇಲೆ ಕತ್ತರಿ ಓಡಿಸಿದೋನು ನಾನು. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಕೂಗಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. ನಾನು "ನಿಮಗೆ ಖುಷಿಯಾಗ್ಲಿ ಅಂತ..." ಅಂದೆ.

"ಇದ್ರಲ್ಲಿ ನಂದು ಯಾವುದು? ತೆಗೆದು ಕೊಡು."

ಹದಿನೆಂಟು ಹಾಳೆಯಲ್ಲಿ ಏಳು ತೆಗೆದುಕೊಟ್ಟೆ. ಮೊದಲ ವಾರದ ಏಳು, ಎಲ್ಲಕ್ಕಿಂತ ಮೇಲೆ ಆ ಚಪ್ಪಲಿ. ಅವನ್ನು ಎಡಗೈಯಲ್ಲೇ ಮಡಿಸಿ, ತಮ್ಮ ಅಳತೆ ಟೇಪು ಇಡುವ ಡ್ರಾಯರಿನೊಳಗೆ ಹಾಕಿ ಮುಚ್ಚಿದರು. ನಾಳೆ ಅಂಗಡಿಗೆ ಹೋಗುವುದಿಲ್ಲವಂತೆ.

ಮೇ ೧೦

ಮಾತ್ರೆ ತೆಗೆದುಕೊಂಡರು. ಬಲಗೈ ಹಾಗೇ ಇದೆ.

ಮೇ ೧೩

ಮಾತ್ರೆ. ಊಟ ಅರ್ಧ. ಪೆನ್ಸಿಲ್ ಮುಟ್ಟಿಲ್ಲ. ಕೇಳಿದ್ದಕ್ಕೆಲ್ಲ ಹ್ಞೂಂ, ಉಹ್ಞೂಂ. ಬೈದರೂ ಸಾಕು ಅನ್ನಿಸುತ್ತಿದೆ. ಈ ಮನೆಯಲ್ಲಿ ಜೋಕು ಇಲ್ಲದ ಇಷ್ಟು ದಿನ ಯಾವತ್ತೂ ಇರಲಿಲ್ಲ.

ಮೇ ೧೬

ಬರೆಯಲು ಬಹಳ ಇದೆ.

ಇವರು ಒಳಗೆ ಹಿಂಡಿಸಿಕೊಂಡು ಬಂದು ಬೆಂಚಿನ ಮೇಲೆ ನನ್ನಿಂದ ಒಂದು ಜಾಗ ಬಿಟ್ಟು ಕೂತಿದ್ದರು. ಚಪ್ಪಲಿ ಹಾಕಿಕೊಳ್ಳಲು ಸಹಾಯ ಮಾಡಹೋದರೆ ಕಾಲು ಹಿಂದಕ್ಕೆಳೆದರು. ಆಗ ಕುಳ್ಳಗಿನ ಒಬ್ಬ ಮುದುಕಿ ಬಂದು, ಆ ಬೂದು ಪೇಂಟಿಂಗಿನ ಮೇಲಿನ ಧೂಳನ್ನು ಕರವಸ್ತ್ರದಲ್ಲಿ ಒರೆಸತೊಡಗಿದರು. ಹಿಂಡಮ್ಮನ ಅತ್ತೆಯಂತೆ. ಬರೆದದ್ದೂ ಅವರೇ ಅಂತೆ.

ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಾಗಿತ್ತು. "ಇದ್ರಲ್ಲಿ ಚಿಟ್ಟೆ ಎಲ್ಲಿದೆ?" ಅಂದೆ, ಸ್ವಲ್ಪ ಖಾರವಾಗಿಯೇ.

"ಇನ್ನೂ ಆಗಿಲ್ಲ" ಅಂದರು ಅವರು.

"ಅಂದ್ರೆ?"

"ಹುಳಕ್ಕೆ ಎರಡು ರೆಕ್ಕೆ ಅಂಟಿಸಿದ್ರೆ ಚಿಟ್ಟೆ ಆಗಲ್ಲಮ್ಮ. ಗೂಡಿನೊಳಗೆ ಅದು ಹೆಚ್ಚುಕಡಿಮೆ ಪೂರ್ತಿ ಕರಗಿಹೋಗುತ್ತೆ. ತೆಳ್ಳಗೆ ಕಲಸಿದ ಹಿಟ್ಟು ಇರುತ್ತಲ್ಲ, ಹಾಗೆ. ಆಗ ಅದು ಹುಳಾನೂ ಅಲ್ಲ, ಚಿಟ್ಟೇನೂ ಅಲ್ಲ. ರೆಕ್ಕೆ ಎಲ್ರೂ ಬರೀತಾರೆ. ಆ ಹಿಟ್ಟು ಯಾರೂ ಬರ್ದಿಲ್ಲ ಅಂತ ನಾನು ಬರ್ದೆ. ನಮ್ಮ ಮನೆಯವ್ರು ತೀರ್ಕೊಂಡ ವರ್ಷ ಬರ್ದಿದ್ದು. ಏಳು ತಿಂಗಳು ಹಿಡೀತು."

ಇವರು ಕಿವಿ ಇತ್ತ ಕೊಟ್ಟಿದ್ದು ಗೊತ್ತಾಯಿತು.

"ಅದು ಹಿಟ್ಟಾಗಿರೋವಾಗ, ಪಾಪ ಅಂತ ಯಾರಾದ್ರೂ ಗೂಡು ಬಿಚ್ಚಿ ಸಹಾಯ ಮಾಡಿದ್ರೆ?" ಅಂತ ಕೇಳಿದೆ. ಯಾಕೆ ಕೇಳಿದೆನೋ.

"ಹಿಟ್ಟು ಚೆಲ್ಲುತ್ತೆ, ಅಷ್ಟೇ" ಅಂದು ಅವರು ಕರವಸ್ತ್ರ ಕೊಡವಿಕೊಂಡರು.

ಬಸ್ಸಿನಲ್ಲಿ ನಮ್ಮ ಸ್ಟಾಪು ಹತ್ತಿರ ಬಂದಾಗ ಇವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಹಾಗಾದ್ರೆ ನಾನೀಗ ಹಿಟ್ಟು" ಅಂದರು.

ಒಂದು ವಾರದ ನಂತರದ ಮೊದಲ ಜೋಕು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಕಂಡಕ್ಟರ್ ಗಾಬರಿಯಾಗಿ ಬಸ್ ನಿಲ್ಲಿಸಿಯೇ ಇಳಿಸಿದ.

ಮೇ ೧೯

ಬೆಳಿಗ್ಗೆ ಇವರ ಮುಂದೆ ನಿಂತು, "ಆ ಡ್ರಾಯರಿಂದ ಒಂದು ಹಾಳೆ ಕೊಡಿ" ಅಂದೆ.

"ಅಳಿಸೋಕಾ?"

"ಚುಚ್ಚೋಕೆ."

ನನ್ನ ಮುಖ ನೋಡಿ, ಆ ಚಪ್ಪಲಿಯ ಹಾಳೆಯನ್ನೇ ತೆಗೆದುಕೊಟ್ಟರು. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಇವರ ಗೆರೆಯ ಮೇಲೆ ಸೂಜಿ ಚುಚ್ಚುತ್ತ ಹೋದೆ. ನನ್ನ ಗೆರೆಯಾದರೆ ಸೂಜಿ ತಾನಾಗಿ ಓಡುತ್ತದೆ. ಈ ಗೆರೆ ನಿಂತಲ್ಲಿ ನಿಲ್ಲಬೇಕು, ಹಿಂದಕ್ಕೆ ಬಂದಲ್ಲಿ ಬರಬೇಕು, ಒಂದೇ ಜಾಗದಲ್ಲಿ ಏಳೆಂಟು ಸಲ ನಡುಗಿದಲ್ಲಿ ಏಳೆಂಟು ಸಲ ಚುಚ್ಚಬೇಕು. ತಿರುವಿನ ಹತ್ತಿರ ಕಾಗದ ಒತ್ತಿ ಒತ್ತಿ ಹೊಳೆಯುತ್ತಿತ್ತು. ಅಲ್ಲಿ ಇವರು ಪೆನ್ಸಿಲ್ ಬಿಡಬಾರದೆಂದು ಎಷ್ಟು ಹೊತ್ತು ಹಿಡಿದುಕೊಂಡಿದ್ದರೋ. ಅವತ್ತು ನಾನು ಎದುರಿಗೇ ಕೂತಿದ್ದೆ, ನಗುತ್ತಿದ್ದೆ, ಇದು ಕಂಡಿರಲಿಲ್ಲ. ಇಂಥ ಹನ್ನೊಂದು ಗೆರೆಗಳನ್ನು ಅಳಿಸಿಹಾಕಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎರಡು ಗಂಟೆಯಾದ ಮೇಲೆ ದಪ್ಪ ಬಟ್ಟೆಯನ್ನು ಗೋಡೆಗೆ ಬಿಗಿದು, ಬಲಗಡೆ ಒಂದು ಸಲ ನೀಲಿ ಉಜ್ಜಿ, ಮಗುಚಿ ಎಡಗಡೆಗೂ ಉಜ್ಜಿದೆ.

"ಇದೇನು? ಎರಡೂ ಚಪ್ಪಲಿ?"

"ಅಳತೆ ನಿಮ್ದು. ನಾನು ಹೊಂದಿಸ್ತೀನಿ" ಅಂದೆ. "ತಪ್ಪಾಯ್ತು" ಅಂತಲೂ ಅಂದೆ. ಮೂವತ್ತು ವರ್ಷದಲ್ಲಿ ಇದು ಎಷ್ಟನೇ ಸಲ ಅಂತ ಲೆಕ್ಕ ಹಾಕುವುದು ಕಷ್ಟವಿಲ್ಲ, ಒಂದು ಕೈ ಬೆರಳು ಸಾಕು.

ಇವರು ಎದ್ದು ಬಂದು ಕುಂಚ ಎತ್ತಿಕೊಂಡರು. ಬಲಗೈಯಲ್ಲಿ.

ಮೇ ೨೦

"ಮೋಸ ಮಾಡ್ತಿದ್ದೀಯ" ಅಂತ ಇವತ್ತು ನಾಲ್ಕು ಸಲ ಹೇಳಿಸಿಕೊಂಡೆ. ಇವರು ನಡುಗಿದ ಕಡೆ ನನ್ನ ಕುಂಚ ಕದ್ದು ನೆಟ್ಟಗೆ ಹೋಗಿಬಿಡುತ್ತದೆ.

"ಅಲ್ನೋಡು, ಅಲ್ಲಿ ನಂದು ಬಿದ್ದು ಎದ್ದಿದೆ. ನೀನು ಬೀಳದೇನೇ ಹೋಗ್ತಿದ್ದೀಯ."

"ಬೀಳೋಕೆ ಬರಲ್ಲ ರೀ ನಂಗೆ."

"ಕಲಿ. ಗುರುಗಳು ಇದ್ದೀವಲ್ಲ."

ಊಟ ಪೂರ್ತಿ ಮಾಡಿದರು.

ಮೇ ೨೪

ಇವರ ಕಿತ್ತಳೆ ಬಣ್ಣ ಗೆರೆ ದಾಟಿ ಹೊರಗೆ ಸೋರಿತು. ಇವರು ನನ್ನನ್ನೇ ನೋಡಿದರು. ನಾನೂ ನನ್ನ ಕಡೆ ಅಷ್ಟೇ ಸೋರಿಸಿದೆ. ಬೇಕಂತಲೇ ಸೋರಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಅದರ ಮೇಲೆ ಇವರು ಬೂದು ಬಳಿದರು, ನಾನು ಬಳಿದೆ. ಇವರ ಕುಂಚ ಕೈಜಾರಿ ಬಿದ್ದು ಒಂದು ದೊಡ್ಡ ಕಲೆಯಾಯಿತು. ನಾನು ನನ್ನ ಕುಂಚವನ್ನು ಅದೇ ಎತ್ತರದಿಂದ ಬೀಳಿಸಿದೆ. ಸರಿಯಾದ ಜಾಗಕ್ಕೆ ಬೀಳಲಿಲ್ಲ, ಮೂರು ಸಲ ಬೀಳಿಸಬೇಕಾಯಿತು. ನೆಲವೆಲ್ಲ ಬಣ್ಣ. ಎದುರು ಮನೆಯಾಕೆ ಏನು ಸದ್ದು ಅಂತ ಬಂದು, ಇಬ್ಬರನ್ನೂ ನೋಡಿ, ಏನೂ ಕೇಳದೆ ವಾಪಸು ಹೋದಳು.

ಗೆರೆಗಳೆಲ್ಲ ಬಣ್ಣದಡಿ ಮುಳುಗಿದವು. ಇನ್ನು ಚುಕ್ಕಿ ಹುಡುಕಿದರೂ ಸಿಗುವುದಿಲ್ಲ.

ಹಿಂಡಮ್ಮನ ಯಂತ್ರದ ಮುಳ್ಳು ಎರಡು ಗೆರೆ ಮೇಲೇರಿದೆ. ಈ ಸಲ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.

ಮೇ ೩೧

ಮುಗಿಯಿತು. ಮುಗಿಯಿತು ಅಂತ ಹೇಗೆ ಗೊತ್ತಾಯಿತೆಂದರೆ, ಇಬ್ಬರೂ ಕುಂಚ ಕೆಳಗಿಟ್ಟು ಟೀ ಕುಡಿದೆವು, ಆಮೇಲೆ ಯಾರಿಗೂ ಏಳಬೇಕೆನ್ನಿಸಲಿಲ್ಲ.

ಮಗಳು ಬಂದಿದ್ದಾಳೆ. ಚಿತ್ರದ ಮುಂದೆ ಚೀಲ ಹೆಗಲಲ್ಲಿಟ್ಟುಕೊಂಡೇ ನಿಂತಳು.

"ಏನಮ್ಮಾ ಇದು? ಬೆಂಕಿನಾ?"

"ಚಿಟ್ಟೆ" ಅಂದರು ಇವರು.

"ಎಲ್ಲಿ?"

"ಇನ್ನೂ ಆಗಿಲ್ಲ" ಅಂದೆವು, ಇಬ್ಬರೂ ಒಟ್ಟಿಗೆ.

ಎದುರು ಮನೆಯಾಕೆ ಎರಡು ಮೀನು ಮಾತಾಡುತ್ತಿವೆ ಅಂದಳು. ಇಸ್ತ್ರಿ ಅಂಗಡಿಯವರು ತಮ್ಮ ಹಳೇ ಪೆಟ್ಟಿಗೆಯಿಂದ ಸುಟ್ಟ ಅಂಗಿ ನೆನಪಾಗುತ್ತದೆ ಅಂದರು. ಮಗಳು ಬಹಳ ಹೊತ್ತು ನೋಡಿ, "ಮೀಸೆ ಇಲ್ಲದ ಚಿಟ್ಟೆ ನಿನ್ನ ಕೈಯಿಂದ ಇದೇ ಮೊದಲು ಕಣಮ್ಮ" ಅಂದಳು. ಮೀಸೆಯ ನೆನಪೇ ಆಗಿರಲಿಲ್ಲ.

ಜೂನ್ ೫

ಅಂಗಡಿಗೆ ಹೋಗಿದ್ದೆವು. ಈ ದಿನ ಬರುವುದು ಗೊತ್ತಿತ್ತು, ಆದರೂ ಬೆಳಿಗ್ಗೆಯಿಂದ ನನಗೆ ಊಟ ಸೇರಲಿಲ್ಲ.

ಯಜಮಾನರು ಗೂಟದಿಂದ ಕತ್ತರಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಇವರು ಬಲಗೈ ಹೆಬ್ಬೆರಳನ್ನು ಅದರೊಳಗೆ ತೂರಿಸಿದರು. ಮೇಜಿನ ಮೇಲೆ ಒಂದು ತುಂಡು ಬಟ್ಟೆ. ಎಲ್ಲರ ಹೊಲಿಗೆ ಯಂತ್ರಗಳೂ ನಿಂತವು. ಒಂದು ಇಂಚು, ಎರಡು ಇಂಚು, ಮೂರು. ಹಣೆಯಲ್ಲಿ ಬೆವರು. ಮೂರನೆಯ ಇಂಚಿನಲ್ಲಿ ಕತ್ತರಿ ವಾಲಿತು. ನನ್ನ ಕೈ ಮುಂದಕ್ಕೆ ಹೋಯಿತು. ನಾನು ಅದನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಇವರೇ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಮೂರು ಇಂಚು ಯಜಮಾನ್ರೇ. ಏಪ್ರಿಲಲ್ಲಿ ಲೋಟ ಎತ್ತೋಕೆ ಆಗ್ತಿರ್ಲಿಲ್ಲ. ಆದ್ರೆ ಯೂನಿಫಾರ್ಮಿಗೆ ಸಾಲಲ್ಲ. ಬೇರೆಯವ್ರನ್ನ ಕರೀರಿ."

ಎಷ್ಟು ಸಲೀಸಾಗಿ ಅಂದರು. ನಾನು ಎರಡು ತಿಂಗಳಿಂದ ಯಾವ ಮಾತಿಗೆ ಹೆದರಿದ್ದೆನೋ ಅದನ್ನು ಇವರೇ ಹೇಳಿ ಮುಗಿಸಿದರು.

ಯಜಮಾನರು ತಲೆ ಕೆರೆದುಕೊಂಡರು. "ಕತ್ತರಿಸೋಕೆ ಇನ್ನೊಬ್ರು ಬರ್ಲಿ. ಆದ್ರೆ ಬಟ್ಟೆ ಯಾವ ಕಡೆ ಎಳೆಯುತ್ತೆ, ಎಲ್ಲಿ ಉಳಿಸ್ಬಹುದು ಅಂತ ಅವ್ರಿಗೆ ಹೇಳೋರು ಯಾರು ಮಾಸ್ಟರೇ? ಬೆಳಿಗ್ಗೆ ಹೊತ್ತು ಬಂದು ಕೂತ್ಕೊಳ್ಳಿ. ಅರ್ಧ ದಿನ."

"ಅರ್ಧ ನಮ್ಮನೇಲಿ ಅಭ್ಯಾಸ ಇದೆ" ಅಂದರು ಇವರು, ನನ್ನ ಕಡೆ ನೋಡಿ. "ಕತ್ತರಿ ಮಾತ್ರ ಗೂಟದಲ್ಲೇ ಇರ್ಲಿ. ದಿನಾ ಮೂರು ಇಂಚು ನಂದು."

ಯಜಮಾನರು ತಾವೇ ಕತ್ತರಿಯನ್ನು ಗೂಟಕ್ಕೆ ಹಾಕಿದರು.

ಜೂನ್ ೧೧

ಹಿಂಡಮ್ಮ ಮಾತು ಉಳಿಸಿಕೊಂಡಳು. ಮೊಳೆ ಹೊಡಿಸಿ, ಖಾಲಿ ಗೋಡೆಗೆ ನಮ್ಮ ಚಿತ್ರ ಏರಿಸಿದಳು. ಕೆಳಗೆ ಏನು ಬರೆಯಲಿ ಅಂತ ಕೇಳಿದಳು. ಇವರು ‘ಹಿಟ್ಟು’ ಅಂತ ಹಟ ಹಿಡಿದರು, ಕೊನೆಗೆ ‘ಚಿಟ್ಟೆ’ ಅಂತಲೇ ಆಯಿತು. ಈಗ ಎರಡು ಚಿಟ್ಟೆಗಳು ಎದುರುಬದುರು, ನಡುವೆ ಬೆಂಚು. ಕೂತವರು ಎರಡರಲ್ಲೂ ಚಿಟ್ಟೆ ಹುಡುಕಿ ಸುಸ್ತಾಗುತ್ತಾರೆ.

ಅತ್ತೆಯವರು ಬಂದು ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. "ಇದ್ರಲ್ಲಿ ಯಾವ ಕಡೇದು ಯಾರ್ದು?" ಅಂತ ಕೇಳಿದರು. ನಾನು ಹೇಳಲು ಬಾಯಿ ತೆರೆದೆ. ನನಗೂ ತಕ್ಷಣ ಹೇಳಲಾಗಲಿಲ್ಲ.

"ಅಮ್ಮಾ, ಓರೆ ನೇತಾಕಿದ್ದಾರಲ್ಲ" ಅಂದಳು ಮಗಳು, ಹೊರಗೆ ಬಂದ ಮೇಲೆ.

"ಹೌದಾ?" ಅಂದೆ. ನೋಡಿರಲಿಲ್ಲ. ಬಸ್ ಬಂತು, ಹತ್ತಿದೆವು.

ಜೂನ್ ೧೧

ಮೇಲಿನ ತಾರೀಖು ನಾನು ಬರೆದದ್ದಲ್ಲ.

ರಾತ್ರಿ ಅಡುಗೆಮನೆಯಲ್ಲಿದ್ದೆ. ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಬಂದು ನೋಡಿದರೆ ಇವರು ಬೆನ್ನು ಬಗ್ಗಿಸಿಕೊಂಡು ಕೂತಿದ್ದಾರೆ, ಕೈಯಲ್ಲಿ ಆ ಸೌತೆಕಾಯಿ ಪೆನ್ಸಿಲ್. ನಾನು ಬಾಗಿಲಲ್ಲೇ ನಿಂತೆ. ಬಹಳ ಹೊತ್ತಾಯಿತು. ಮುಗಿದ ಮೇಲೆ ಪೆನ್ಸಿಲ್ ಕೆಳಗಿಟ್ಟು, ಬೆರಳುಗಳನ್ನು ಬಿಡಿಸಿಕೊಂಡು ಎದ್ದರು.

"ಒಳಗಡೆ ಏನೂ ಓದಿಲ್ಲ, ಆಣೆ. ತಾರೀಖು ಮಾತ್ರ ಹಾಕಿದ್ದೀನಿ. ಉಳಿದಿದ್ದು ನೀನು ಬರ್ಕೋ" ಅಂದು ಹಲ್ಲುಜ್ಜಲು ಹೋದರು.

ಅಕ್ಷರ ಹಾಳೆಯ ಅರ್ಧದಷ್ಟು ದೊಡ್ಡದು. ಜೂನ್ ಕೆಳಗಿನಿಂದ ಮೇಲಕ್ಕೆ ಹತ್ತಿದೆ. ಎರಡು ಒಂದುಗಳಲ್ಲಿ ಒಂದು ಇನ್ನೊಂದಕ್ಕೆ ಒರಗಿಕೊಂಡಿದೆ. ಮತ್ತೆ, ಇವತ್ತು ಹನ್ನೆರಡನೇ ತಾರೀಖು.

ರಬ್ಬರ್ ಪಕ್ಕದಲ್ಲೇ ಇತ್ತು. ಅದನ್ನು ಅತ್ತ ಸರಿಸಿ ಬರೆಯಲು ಕೂತೆ. ಬೆಳಿಗ್ಗೆ ಎರಡು ಮಾತ್ರೆ ತೆಗೆದುಕೊಂಡರು, ಬಿ.ಪಿ. ಚೆನ್ನಾಗಿದೆ. ಈ ವರ್ಷದ ಜೂನಿನಲ್ಲಿ ನಮ್ಮ ಮನೆಗೆ ಹನ್ನೊಂದನೇ ತಾರೀಖು ಎರಡು ಸಲ ಬಂತು.